ಹುಬ್ಳೀಕರ್ ಎಂಬ ಹೆಸರು

ಸುಲ್ತಾನ್ ಬತ್ತೇರಿಯ ಪೇಟೆಯ ನಡುವೆ ನಿಂತು ಹನ್ನೆರಡು ಬೀದಿ ಎಲ್ಲಿದೆಯೆಂದು ಇಂದು ಕೇಳಿದರೆ ಉತ್ತರ ದೊರೆಯುವುದು ದುರ್ಲಭ. ಆದರೆ ಕರ್ನಾಟಕದ ಕಡೆಯಿಂದ ಕಾಡುಹಾದಿ ಹಿಡಿದು ಬಂದ ಜೈನವರ್ತಕರು ಹನ್ನೆರಡು ಬೀದಿಗಳಾಗಿ ನೆಲೆಗೊಂಡಿದ್ದ ಈ ಊರನ್ನು ಅವರು ಕರೆಯುತ್ತಿದ್ದುದು ಆ ಹೆಸರಿನಿಂದಲೇ. ನೆರೆಯ ಮಲೆಯಾಳಿಗಳ ಬಾಯಲ್ಲಿ ಇದೇ ಊರು ಗಣಪತಿವಟ್ಟವಾಗಿತ್ತು. ಟಿಪ್ಪುವಿನ ಸೈನ್ಯ ಇಲ್ಲಿನ ಬಸದಿಯನ್ನು ಮದ್ದುಗುಂಡುಗಳ ಉಗ್ರಾಣವಾಗಿ ಬಳಸಿದ ಮೇಲೆ ಆಂಗ್ಲರು ಇಟ್ಟ ಹೆಸರು ಉಳಿದೆರಡನ್ನೂ ಮುಚ್ಚಿ ಕುಳಿತಿತು. ಶಾಸನಗಳು ಬಯಲ್ನಾಡೆಂದು ಹೇಳುವ ನಾಡು ವಯನಾಡಾದುದೂ, ಪನಮರಮ್ಮಿನ ಸಮೀಪದ ಪುತ್ತಂಗಡಿಯಲ್ಲಿ ವಿಷ್ಣುಗುಡಿ, ಜನಾರ್ದನಗುಡಿಗಳೆಂದು ಹೆಸರಾದ ಪಾಳುಮಂದಿರಗಳ ಕಲ್ಲಿನ ಮೇಲೆ ಕನ್ನಡದ ಅಕ್ಷರಗಳು ಓದುವವರಿಲ್ಲದೆ ಪಾಚಿಗಟ್ಟಿದುದೂ ಇದೇ ಜಾತಿಯ ಸಂಗತಿಗಳು. ಇಂಥ ಸೀಮೆಯಲ್ಲಿ ಹುಟ್ಟಿದವನಿಗೆ ಹೆಸರುಗಳ ವಿಷಯದಲ್ಲಿ ಒಂದು ಬಗೆಯ ಚಾಪಲ್ಯ ಬೆಳೆಯುವುದು ಸಹಜ. ಯಾವ ಹೆಸರನ್ನು ಕೇಳಿದರೂ ಅದರ ಅಡಿಯಲ್ಲಿ ಇನ್ನೊಂದು ಹೆಸರಿದೆಯೇ ಎಂದು ಕೆದಕಿ ನೋಡುವ ಚಾಪಲ್ಯವದು.

ನಮ್ಮ ಮನೆಯಲ್ಲಿ ಈ ಚಾಪಲ್ಯ ಮೊದಲಿಗೆ ಇದ್ದುದು ನನ್ನ ಅಜ್ಜಿಗೆ. ಎರಡು ತಲೆಮಾರಿನ ಹಿಂದೆ ಗುಂಡ್ಲುಪೇಟೆಯ ಕಡೆಯಿಂದ ಬಂದು ಇಲ್ಲಿ ಕಾಫಿ, ಮೆಣಸುಗಳ ವ್ಯಾಪಾರಕ್ಕೆ ನಿಂತ ಮನೆತನ ನಮ್ಮದು; ಅಂಗಡಿಯಲ್ಲಿ ಮಲೆಯಾಳ, ಅಡುಗೆಮನೆಯಲ್ಲಿ ಕನ್ನಡ. ಬೆಳಗಿನ ಹೊತ್ತು ಸಿಲೋನ್ ರೇಡಿಯೋದಿಂದ ಹಳೆಯ ಹಿಂದೀ ಚಿತ್ರಗೀತೆಗಳು ಬರುತ್ತಿದ್ದುವು. ಎಂಟು ಗಂಟೆಗೆ ಸರಿಯಾಗಿ ಸೈಗಲ್ಲರ ಒಂದು ಹಾಡಿನಿಂದ ಅವು ಮುಗಿಯುತ್ತಿದ್ದುವು. ಹಿಂದಿಯ ಒಂದಕ್ಷರವನ್ನೂ ಅರಿಯದ ಅಜ್ಜಿ ಹಾಡಿಗೆ ಕಿವಿಗೊಡುತ್ತಿರಲಿಲ್ಲ. ಹಾಡಿದವರ ಹೆಸರನ್ನು ಹೇಳುವಾಗ ಮಾತ್ರ ಒಲೆಯ ಮುಂದಿನಿಂದ ತಲೆಯೆತ್ತುತ್ತಿದ್ದಳು. ಅಮೀರಬಾಯಿ ಕರ್ನಾಟಕಿ ಎಂದೊಡನೆ, ಶಾಂತಾ ಹುಬ್ಳೀಕರ್ ಎಂದೊಡನೆ, ‘ನಮ್ಮ ಕಡೆಯವಳು ಕಣೋ’ ಎನ್ನುವಳು. ಹುಬ್ಬಳ್ಳಿಯನ್ನು ಅವಳು ಕಂಡವಳಲ್ಲ. ಅದು ನಮ್ಮಿಂದ ಎಷ್ಟು ದೂರವೆಂಬ ಅಂದಾಜೂ ಅವಳಿಗೆ ಇದ್ದಂತಿಲ್ಲ. ಆದರೂ ಆ ಹೆಸರಿನಲ್ಲಿ ‘ನಮ್ಮ ಕಡೆ’ ಎಂಬುದು ಇತ್ತೆಂದು ಅವಳು ಕಂಡುಕೊಂಡದ್ದು ಸುಳ್ಳಾಗಿರಲಿಲ್ಲ.

ಶಾಂತಾ ಹುಬ್ಳೀಕರ್ ಎಂಬಾಕೆ ಹುಟ್ಟಿದ್ದು ಶಾಂತಾ ಆಗಿಯೂ ಅಲ್ಲ, ಹುಬ್ಬಳ್ಳಿಯಲ್ಲಿಯೂ ಅಲ್ಲ. ಹುಬ್ಬಳ್ಳಿಗೆ ಸಮೀಪದ ಅದರಗುಂಚಿಯೆಂಬ ಗ್ರಾಮದಲ್ಲಿ 1914ರಲ್ಲಿ ಹುಟ್ಟಿದ ಆ ಕೂಸಿನ ಹೆಸರು ರಾಜಮ್ಮ. ತಾಯಿತಂದೆಗಳನ್ನು ಎಳವೆಯಲ್ಲಿಯೇ ಕಳೆದುಕೊಂಡ ಹುಡುಗಿ ಪರರ ಆಶ್ರಯದಲ್ಲಿ ಬೆಳೆದಳು, ಸಂಗೀತವನ್ನು ಕಲಿತಳು, ವಯಸ್ಸಿಗೆ ಬಂದಾಗ ತನಗೊಲ್ಲದ ಮದುವೆಯಿಂದ ತಪ್ಪಿಸಿಕೊಂಡು ನಾಟಕದ ಮಂಡಲಿಯನ್ನು ಸೇರಿದಳು. ಅಂದಿನ ಎಷ್ಟೋ ಕಲಾವಿದೆಯರ ಬಾಳಿನ ಮೊದಲ ಅಧ್ಯಾಯವನ್ನು ಹೀಗೆ ಮೂರು ಮಾತುಗಳಲ್ಲಿ ಮುಗಿಸಬಹುದೆಂಬುದೇ ಆ ಕಾಲದ ಕ್ರೌರ್ಯವನ್ನು ಸಾರುತ್ತದೆ. ಅದರಗುಂಚಿಯೆಂಬ ಹೆಸರು ಕರ್ನಾಟಕದ ಚರಿತ್ರೆಯಲ್ಲಿ ಬೇರೊಂದು ಕಾರಣದಿಂದ ನಿಂತಿದೆಯೆಂಬುದನ್ನು ಓದುಗರು ಬಲ್ಲರು: 1953ರಲ್ಲಿ ಕನ್ನಡನಾಡು ಒಂದಾಗಬೇಕೆಂದು ಆಮರಣ ಉಪವಾಸವನ್ನು ಕೈಗೊಂಡ ಶಂಕರಗೌಡರು ಆ ಊರಿನವರೇ. ಆ ಉಪವಾಸದ ಬಿಸಿಗೆ ಹುಬ್ಬಳ್ಳಿ ಹೊತ್ತಿ ಉರಿದು, ಮೂರು ವರ್ಷಗಳ ತರುವಾಯ, 1956ರ ನವೆಂಬರ್ ಒಂದರಂದು, ಮುಂಬಯಿ ಕರ್ನಾಟಕವು ಮೈಸೂರಿನೊಡನೆ ಸೇರಿತು. ಅದೇ ದಿನ ಮದರಾಸಿನ ಮಲಬಾರು ಜಿಲ್ಲೆಯ ಭಾಗವಾಗಿದ್ದ ವಯನಾಡು ಕೇರಳಕ್ಕೆ ಸಂದು, ನಮ್ಮಂಥವರ ಅಡುಗೆಮನೆಯ ಕನ್ನಡವು ಗಡಿಯ ಆಚೆಗೆ ಉಳಿಯಿತು. ನಾಡಿನ ಗಡಿಗಾಗಿ ಊಟಬಿಟ್ಟ ಗೌಡರೂ ಗಡಿಯೆಂಬುದನ್ನೇ ಲೆಕ್ಕಿಸದೆ ಹೊರಟುಹೋದ ರಾಜಮ್ಮನೂ ಒಂದೇ ಊರಿನ ನೀರು ಕುಡಿದವರೆಂಬುದನ್ನು ನೆನೆದಾಗಲೆಲ್ಲ ನನಗೆ ವಿಸ್ಮಯವಾಗುತ್ತದೆ.

ಆಕೆ ಹೊರಟ ದಿಕ್ಕು ಉತ್ತರವೇ ಏಕಾಯಿತೆಂಬುದಕ್ಕೆ ಕಾರಣವುಂಟು. ಅಂದಿನ ಧಾರವಾಡ, ವಿಜಾಪುರ, ಬೆಳಗಾವಿಗಳು ಮುಂಬಯಿ ಪ್ರಾಂತದಲ್ಲಿದ್ದುವು. ಕಚೇರಿಯಲ್ಲಿ, ಶಾಲೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ರಂಗಭೂಮಿಯಲ್ಲಿ ಮರಾಠಿಯ ಪ್ರಭಾವ ದೊಡ್ಡದಾಗಿತ್ತು. ಹುಬ್ಬಳ್ಳಿಯು ರೈಲುದಾರಿಗಳು ಕೂಡುವ ಊರು. ಪುಣೆ, ಮೀರಜಗಳಿಂದ ಬರುವ ನಾಟಕದ ಕಂಪನಿಗಳು ಅಲ್ಲಿ ಇಳಿಯುತ್ತಿದ್ದುವು, ಹುಬ್ಬಳ್ಳಿಯ ಕಡೆಯ ಗಾಯಕರು ಅದೇ ಗಾಡಿಯನ್ನು ಹತ್ತಿ ಆ ಊರುಗಳಿಗೆ ಹೋಗುತ್ತಿದ್ದರು. ಮೀರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರ ಕಿರಾಣಾ ಗಾಯನಶೈಲಿಯು ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಆ ನೆಲದಲ್ಲಿ ಬೇರುಬಿಟ್ಟಿದ್ದಿತು. ಹೀಗಾಗಿ ಹಾಡಬಲ್ಲ ಕನ್ನಡದ ಹುಡುಗಿಗೆ ಬೆಂಗಳೂರಿಗಿಂತ ಕೊಲ್ಹಾಪುರ ಹತ್ತಿರ, ಮೈಸೂರಿಗಿಂತ ಪುಣೆ ಹತ್ತಿರ. ಕೊಲ್ಹಾಪುರವಾದರೋ ಬಾಬುರಾವ್ ಪೇಂಟರರ ಮೂಕಚಿತ್ರಗಳ ಕಾಲದಿಂದಲೂ ಚಿತ್ರೋದ್ಯಮದ ತವರು. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನಾ’ ಕೂಡ ತಯಾರಾದದ್ದು ಕೊಲ್ಹಾಪುರದ ಸ್ಟುಡಿಯೋ ಒಂದರಲ್ಲಿ. ಕನ್ನಡದ ಬೆಳ್ಳಿತೆರೆಯ ಮಗು ಹೊರನಾಡಿನ ಬಾಣಂತಿಕೋಣೆಯಲ್ಲಿ ಹುಟ್ಟಿತೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಕೊಲ್ಹಾಪುರದಲ್ಲಿ ಸಣ್ಣಪುಟ್ಟ ಪಾತ್ರಗಳಿಂದ ಆರಂಭಿಸಿದ ರಾಜಮ್ಮ ಅಲ್ಲಿಯೇ ಶಾಂತಾ ಹುಬ್ಳೀಕರ್ ಆದಳು. ಈ ಹೆಸರಿನ ರಚನೆಯನ್ನು ಒಂದು ಕ್ಷಣ ನೋಡಬೇಕು. ಮರಾಠರಲ್ಲಿ ಊರ ಹೆಸರಿಗೆ ‘ಕರ್’ ಎಂಬುದನ್ನು ಹಚ್ಚಿ ಮನೆತನದ ಹೆಸರು ಮಾಡಿಕೊಳ್ಳುವುದು ಸಂಪ್ರದಾಯ. ಆದರೆ ಅದರ ಹಿಂದೆ ಪಿತೃಪಿತಾಮಹರ ವೃಕ್ಷವೊಂದು ಇರುತ್ತದೆ. ಕಲಾವಿದೆಯರ ವಿಷಯದಲ್ಲಿ ಹಾಗಲ್ಲ. ತಂದೆಯ ಹೆಸರನ್ನು ಹೇಳಿಕೊಳ್ಳಲು ಅನುಕೂಲವಿಲ್ಲದವರೂ ಇಚ್ಛೆಯಿಲ್ಲದವರೂ ಊರನ್ನೇ ತಂದೆಯನ್ನಾಗಿ ಮಾಡಿಕೊಂಡರು. ಬೀಳಗಿಯಿಂದ ಹೋದ ಅಮೀರಬಾಯಿ ಮತ್ತು ಆಕೆಯ ಸೋದರಿ ಗೋಹರಬಾಯಿ ಇಡಿಯ ನಾಡನ್ನೇ ಹೆಗಲಿಗೇರಿಸಿ ಕರ್ನಾಟಕಿಯರಾದರು. ಗಂಗೂಬಾಯಿ ಹಾನಗಲ್ಲರ ಎಳೆಯ ಕಂಠವು ಮೊದಮೊದಲು ಗ್ರಾಮಫೋನ್ ತಟ್ಟೆಗಳಲ್ಲಿ ಹೊರಬಂದಾಗ ತಟ್ಟೆಯ ಮೇಲೆ ಇದ್ದುದು ಹುಬ್ಬಳ್ಳಿಯ ಗಾಂಧಾರಿಯೆಂಬ ಹೆಸರು. ಇದರಲ್ಲಿ ವ್ಯಾಪಾರಿಗಳ ಜಾಣ್ಮೆ ಇಲ್ಲವೆನ್ನಲಾರೆ. ಆದರೆ ಸಮಾಜವು ಕುಲವನ್ನು ಕೇಳಿದಾಗ ಊರನ್ನು ತೋರಿಸಿ ತಲೆಯೆತ್ತಿ ನಿಂತ ಹೆಂಗಸರ ಸ್ವಾಭಿಮಾನವೂ ಅದರಲ್ಲಿ ಇದೆಯೆಂದೇ ನನ್ನ ಎಣಿಕೆ. ಹೆಸರು ಮಾತ್ರ ಕನ್ನಡದ ಊರಿನ ಮೇಲೆ ಮರಾಠಿಯ ಪ್ರತ್ಯಯವನ್ನು ಹೊದ್ದುಕೊಂಡಿತು, ಹನ್ನೆರಡು ಬೀದಿಯ ಮೇಲೆ ಬತ್ತೇರಿ ಬಂದು ಕುಳಿತ ಹಾಗೆ.

1929ರಲ್ಲಿ ಕೊಲ್ಹಾಪುರದಲ್ಲಿ ಸ್ಥಾಪಿತವಾಗಿ 1933ರಲ್ಲಿ ಪುಣೆಗೆ ಬಂದ ಪ್ರಭಾತ್ ಫಿಲಂ ಕಂಪನಿಯನ್ನು ಸೇರಿದ ಮೇಲೆ ಶಾಂತಾ ಹುಬ್ಳೀಕರರ ಬಾಳಿನ ಉತ್ತರಾಯಣ ಆರಂಭವಾಯಿತು. ಪ್ರಭಾತದ ಪದ್ಧತಿ ವಿಲಕ್ಷಣವಾದದ್ದು. 1932ರ ಹರಿಶ್ಚಂದ್ರನ ಕಥೆಯಿಂದ ಮೊದಲ್ಗೊಂಡು ಅಲ್ಲಿ ಒಂದೇ ಚಿತ್ರವನ್ನು ಮರಾಠಿ, ಹಿಂದಿಗಳೆರಡರಲ್ಲಿಯೂ ತೆಗೆಯುತ್ತಿದ್ದರು. ನಂತರ ಧ್ವನಿಯನ್ನು ಜೋಡಿಸುವ ಅನುಕೂಲ ಅಂದಿನ್ನೂ ರೂಢವಾಗಿರದ ಕಾರಣ ಅದೇ ನಟರು ಅದೇ ದೃಶ್ಯವನ್ನು ಒಮ್ಮೆ ಈ ಭಾಷೆಯಲ್ಲಿ, ಇನ್ನೊಮ್ಮೆ ಆ ಭಾಷೆಯಲ್ಲಿ ಅಭಿನಯಿಸಬೇಕು, ಕಣ್ಣೀರನ್ನು ಎರಡು ಸಲ ತರಿಸಿಕೊಳ್ಳಬೇಕು. ಪುಣೆಯ ನಟಿಗೆ ಇದು ತನ್ನ ಭಾಷೆಯಿಂದ ಪರಭಾಷೆಗೆ ಇಡುವ ಒಂದೇ ಹೆಜ್ಜೆ. ಹುಬ್ಬಳ್ಳಿಯ ನಟಿಗೆ ಎರಡೂ ಪರಭಾಷೆಗಳೇ. ಮನೆಯ ಮಾತನ್ನು ಬಾಗಿಲಿನಲ್ಲಿ ಬಿಟ್ಟು ಎರಡು ಬೀದಿಯ ಮಾತುಗಳಲ್ಲಿ ನಗುವ, ಅಳುವ, ಮುನಿಯುವ ಈ ಕೌಶಲ ಎಂತಹುದೆಂಬುದನ್ನು ವಯನಾಡಿನ ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

1938ರಲ್ಲಿ ಕೆ. ನಾರಾಯಣ ಕಾಳೆಯವರ ನಿರ್ದೇಶನದಲ್ಲಿ ‘ಮಾಝಾ ಮುಲಗಾ’ ಬಂದಿತು. ಹಿಂದಿಯಲ್ಲಿ ‘ಮೇರಾ ಲಡಕಾ’. ಮರುವರುಷ ವಿ. ಶಾಂತಾರಾಮರ ‘ಮಾಣೂಸ್’, ಹಿಂದಿಯಲ್ಲಿ ‘ಆದ್ಮಿ’. ಈ ಎರಡನೆಯದರ ಮುಂದೆ ನಾವು ಸಾವಕಾಶವಾಗಿ ನಿಲ್ಲಬೇಕು, ಏಕೆಂದರೆ ಹುಬ್ಳೀಕರರ ಕೀರ್ತಿಯೆಲ್ಲವೂ ನಿಂತಿರುವುದು ಈ ಒಂದು ಕಂಬದ ಮೇಲೆ. ಬಹುಶಃ ಹಿಂದೀ ಚಿತ್ರರಂಗದ ಇತಿಹಾಸದಲ್ಲಿಯೂ ಒಬ್ಬ ವೇಶ್ಯೆಯ ಪಾತ್ರವು ಇಷ್ಟು ಕಡಿಮೆ ಕಣ್ಣೀರಿನಿಂದ, ಇಷ್ಟು ಹೆಚ್ಚಿನ ಬುದ್ಧಿಯಿಂದ ರೂಪುಗೊಂಡ ನಿದರ್ಶನಗಳು ವಿರಳ. ಕಥೆ ಸರಳವಾದದ್ದು. ಶಾಹು ಮೋಡಕರು ಅಭಿನಯಿಸಿದ ಪೋಲೀಸ್ ಕಾನ್‌ಸ್ಟೇಬಲನೊಬ್ಬ, ಮರಾಠಿಯಲ್ಲಿ ಗಣಪತ, ಹಿಂದಿಯಲ್ಲಿ ಮೋತಿ, ಧಾಳಿಯ ಸಮಯದಲ್ಲಿ ಒಬ್ಬ ವೇಶ್ಯೆಯನ್ನು ಸೆರೆಯಾಗದಂತೆ ಉಳಿಸುತ್ತಾನೆ. ಆಕೆ ಮರಾಠಿಯಲ್ಲಿ ಮೈನಾ, ಹಿಂದಿಯಲ್ಲಿ ಕೇಸರ್. ಸ್ನೇಹ ಬೆಳೆಯುತ್ತದೆ, ಆಕೆಯನ್ನು ಬೀದಿಯಿಂದ ಬಿಡಿಸಿ ಗೃಹಿಣಿಯನ್ನಾಗಿ ಮಾಡುವ ಹಂಬಲ ಅವನಿಗೆ ಹುಟ್ಟುತ್ತದೆ, ದೈವಭಕ್ತೆಯಾದ ತನ್ನ ತಾಯಿಯ ಬಳಿಗೆ ಕರೆದೊಯ್ಯುತ್ತಾನೆ. ಆ ತಾಯಿಯ ನಿರ್ಮಲವಾದ ವಿಶ್ವಾಸವೇ ಮೈನಾಳಿಗೆ ಅಸಹ್ಯವಾದ ಭಾರವಾಗುತ್ತದೆ. ಕಡೆಗೆ ತನ್ನನ್ನು ಕಾಡುತ್ತಿದ್ದ ಸೋದರಮಾವನ ಕೊಲೆ ಆಕೆಯ ಕೈಯಿಂದ ನಡೆದು, ತಪ್ಪಿಸಿಕೊಂಡು ಹೋಗೆಂದು ಕಾನ್‌ಸ್ಟೇಬಲನೇ ದಾರಿ ತೋರಿದರೂ ಒಲ್ಲದೆ ಆಕೆ ಸೆರೆಮನೆಗೆ ನಡೆಯುತ್ತಾಳೆ. ನಾಲ್ಕು ವರ್ಷಗಳ ಹಿಂದೆ ಬರುವಾ ಅವರ ‘ದೇವದಾಸ್’ ಹಬ್ಬಿಸಿದ್ದ ಸಾವಿನ ಮೋಹಕ್ಕೆ ಶಾಂತಾರಾಮರು ಕೊಟ್ಟ ಪ್ರತ್ಯುತ್ತರವಿದೆಂದು ಹೇಳುವುದುಂಟು. ಪ್ರೇಮ ಮುರಿದರೂ ಪೇದೆಯು ಮತ್ತೆ ತನ್ನ ಪಹರೆಗೆ ಹಿಂತಿರುಗುತ್ತಾನಷ್ಟೆ.

ಪೇದೆಯ ಭಾಗ್ಯ ದೊಡ್ಡದು, ಅವನಿಗೆ ಹಿಂತಿರುಗಲು ಒಂದು ಪಹರೆಯಾದರೂ ಇದೆ. ಮೈನಾಳಿಗೆ ಏನಿದೆ ಎಂಬ ಪ್ರಶ್ನೆಯನ್ನು ಚಿತ್ರದ ಉಪದೇಶ ಕೇಳುವುದಿಲ್ಲ. ಅದನ್ನು ಕೇಳುವುದು ಹುಬ್ಳೀಕರರ ಅಭಿನಯ. ಆಕೆಯ ನಗೆಯಲ್ಲಿ ಮೊನೆಯಿದೆ, ನಡಿಗೆಯಲ್ಲಿ ಬೇಜವಾಬ್ದಾರಿಯ ಸೋಗಿದೆ, ಮಾತಿನಲ್ಲಿ ಗಿರಾಕಿಯನ್ನು ತೂಗಿನೋಡುವ ಲೆಕ್ಕವಿದೆ. ಪೇದೆಯು ಸದುಪದೇಶದಲ್ಲಿ ಮೈಮರೆತಿರುವಾಗ ಆಕೆ ಅವನನ್ನು ನೋಡುವ ದೃಷ್ಟಿಯಲ್ಲಿ ಪ್ರೀತಿಯೂ ಕನಿಕರವೂ ಇವೆ, ಮತ್ತು ಆ ಕನಿಕರ ತನ್ನ ಮೇಲಲ್ಲ, ಅವನ ಮೇಲೆ. ಇನ್ನೊಂದು ಸೂಕ್ಷ್ಮವಿದೆ. ತಾಯಿಯ ಪಾತ್ರದಲ್ಲಿ ಕಾಣಿಸಿಕೊಂಡ ಸುಂದರಾಬಾಯಿಯವರು ಲಾವಣಿ, ಗಜಲುಗಳಿಗೆ ಮಹಾರಾಷ್ಟ್ರದಲ್ಲೆಲ್ಲ ಪ್ರಸಿದ್ಧರಾದ ಗಾಯಕಿ. ಬೈಠಕ್ಕುಗಳಲ್ಲಿ ಹಾಡಿ ಬದುಕಿದ ಹಿರಿಯಳು ಮಡಿವಂತ ತಾಯಿಯಾಗಿ, ಹಾಡುವ ಹೆಣ್ಣಿನ ಪಾತ್ರದ ಕಿರಿಯಳನ್ನು ಹರಸುವ ಆ ದೃಶ್ಯದಲ್ಲಿ ಯಾರು ಮರ್ಯಾದಸ್ಥರು, ಯಾರು ಅಲ್ಲ ಎಂಬ ಸಮಾಜದ ವಿಂಗಡಣೆ ತಾನಾಗಿಯೇ ಕುಸಿಯುತ್ತದೆ. ನಿರ್ದೇಶಕರು ಇದನ್ನು ಎಣಿಸಿ ಮಾಡಿದರೋ, ಎಣಿಸದೆಯೋ. ಕಲೆಯಲ್ಲಿ ಎರಡಕ್ಕೂ ಅದೇ ಬೆಲೆ.

ಈ ಚಿತ್ರದಲ್ಲಿ ಪ್ರೇಮಿಗಳಿಬ್ಬರೂ ಹೊರಗೆ ಅಲೆಯುತ್ತ ಒಂದು ಸಿನೆಮಾ ಚಿತ್ರೀಕರಣವನ್ನು ಕಾಣುವ ಪ್ರಸಂಗವೊಂದಿದೆ. ಮರದಡಿ ನಿಂತು ಹಾಡುವ ನಾಯಕನಾಯಿಕೆಯರನ್ನು ಕಂಡು ಇವರು ನಗುತ್ತಾರೆ. ಮುಂಬಯಿಯ ಬಾಂಬೇ ಟಾಕೀಸಿನ ಪ್ರಣಯಗೀತೆಗಳನ್ನು ಪುಣೆಯವರು ಹೀಗೆ ಗೇಲಿಮಾಡಿದರು. ಹೊಟ್ಟೆಕಿಚ್ಚು ಕೂಡ ಒಮ್ಮೊಮ್ಮೆ ಒಳ್ಳೆಯ ಹಾಸ್ಯವನ್ನು ಹೆರುತ್ತದೆ.

ಇನ್ನು ಆ ಹಾಡು. ಅಜ್ಜಿಯ ರೇಡಿಯೋದಲ್ಲಿ ಬರುತ್ತಿದ್ದುದು ಅದೇ. ಮೈನಾಳ ಕೋಣೆಗೆ ಬರುವ ಗಿರಾಕಿಗಳು ಒಂದೇ ನಾಡಿನವರಲ್ಲ. ಮುಂಬಯಿಯಂಥ ಪಟ್ಟಣದ ಆ ಬೀದಿಗೆ ಭಾರತದ ಎಲ್ಲ ಮೂಲೆಗಳಿಂದಲೂ ಜನ ಬರುತ್ತಾರೆ. ಅವರವರ ನುಡಿಯಲ್ಲಿ ಒಂದೊಂದು ಚರಣವನ್ನು ಹಾಡಿ ಅವರವರನ್ನು ಮರುಳುಮಾಡುವುದು ಆಕೆಯ ವೃತ್ತಿಧರ್ಮ. ಅಂತೆಯೇ ಮಾಸ್ಟರ್ ಕೃಷ್ಣರಾವ್ ಫುಲಂಬ್ರೀಕರರು ರಾಗ ಕೂಡಿಸಿದ ಈ ಹಾಡು ಒಂದು ಭಾಷೆಯಿಂದ ಇನ್ನೊಂದಕ್ಕೆ, ಉತ್ತರದ ನುಡಿಯಿಂದ ದಕ್ಷಿಣದ ನುಡಿಗೆ, ಧಾಟಿಯನ್ನು ಬದಲಿಸುತ್ತ ಜಿಗಿಯುತ್ತದೆ. ಕೃಷ್ಣರಾಯರ ಗುರುಗಳಾದ ಭಾಸ್ಕರಬುವಾ ಬಖಲೆಯವರು ಧಾರವಾಡದಲ್ಲಿ ಸಂಗೀತವನ್ನು ಕಲಿಸಿದವರೆಂಬುದನ್ನು ಇಲ್ಲಿ ಬಿಡುವಂತಿಲ್ಲ; ಧಾರವಾಡದ ನೀರು ಎಲ್ಲಿಂದಲೋ ಬಳಸಿ ಬಂದು ಹುಬ್ಬಳ್ಳಿಯ ಹುಡುಗಿಯ ಕೊರಳನ್ನು ಮತ್ತೆ ಮುಟ್ಟಿತು. ನಾಳೆಯ ಚಿಂತೆ ಇಂದೇಕೆಂಬುದು ಹಾಡಿನ ಭಾವ. ರಾಷ್ಟ್ರೀಯ ಐಕ್ಯದ ಕುರಿತು ನಾವು ಎಷ್ಟೋ ಗಂಭೀರವಾದ ಗೀತೆಗಳನ್ನು ಕೇಳಿದ್ದೇವೆ. ಆದರೆ ಸ್ವಾತಂತ್ರ್ಯಕ್ಕೆ ಎಂಟು ವರ್ಷಗಳ ಮೊದಲೇ ಭಾರತದ ಹಲವು ಭಾಷೆಗಳನ್ನು ಒಂದೇ ಸೂರಿನಡಿ ಕೂರಿಸಿ ಉಪಚರಿಸಿದ ಈ ಗೀತೆಯನ್ನು, ಅದು ವೇಶ್ಯಾಗೃಹದಲ್ಲಿ ಹುಟ್ಟಿತೆಂಬ ಕಾರಣಕ್ಕೆ, ಯಾವ ಪಠ್ಯಪುಸ್ತಕವೂ ಹೆಸರಿಸಲಿಕ್ಕಿಲ್ಲ.

ನಮ್ಮ ವಯನಾಡು ಇಂಥ ಬಹುಭಾಷೆಯ ಕೋಣೆಯೇ ಸರಿ. ತಿರುನೆಲ್ಲಿಯ ಕಡೆಯ ಅಡಿಯರ ಮಾತು ಒಂದು, ಕಾಡಂಚಿನ ಬೆಟ್ಟಕುರುಬರ ಕನ್ನಡದ ನಂಟಿನ ಮಾತು ಇನ್ನೊಂದು, ಪಣಿಯರದು ಮತ್ತೊಂದು. ಬಾವಲಿಯ ಹಾದಿಯಲ್ಲಿ ಎಚ್.ಡಿ. ಕೋಟೆಗೂ, ತೋಲ್ಪೆಟ್ಟಿಯ ಹಾದಿಯಲ್ಲಿ ಕೊಡಗಿಗೂ ಹೋಗಿಬರುವ ಕೂಲಿಯಾಳುಗಳ ನಾಲಿಗೆಯ ಮೇಲೆ ಇವೆಲ್ಲ ಬೆರೆತ ಇನ್ನೂ ಒಂದು. ಪಿ. ವತ್ಸಲಾ ಅವರ ‘ನೆಲ್ಲು’ ಕಾದಂಬರಿಯನ್ನು ರಾಮು ಕಾರ್ಯಾಟರು 1974ರಲ್ಲಿ ಚಿತ್ರವನ್ನಾಗಿ ಮಾಡಿ, ಅದನ್ನು ತಿರುನೆಲ್ಲಿಯ ಪರಿಸರದಲ್ಲಿಯೇ ಚಿತ್ರಿಸಿದಾಗ, ಅದರ ಒಂದು ಹಾಡನ್ನು ವಯಲಾರರು ಬರೆದು, ಬಂಗಾಳದ ಸಲಿಲ್ ಚೌಧರಿಯವರು ರಾಗಕ್ಕೆ ಹೊಂದಿಸಿ, ಮುಂಬಯಿಯ ಲತಾ ಮಂಗೇಶ್ಕರರು ಮಲೆಯಾಳದಲ್ಲಿ ಹಾಡಿದರು. ಮಂಗೇಶಿಯೆಂಬ ಊರು ಕೂಡ ಆಕೆಯ ಹೆಸರಿನಲ್ಲಿ ‘ಕರ್’ ಹಚ್ಚಿಕೊಂಡೇ ಇದೆಯಷ್ಟೆ. ಲತಾರ ಮಲೆಯಾಳದ ಉಚ್ಚಾರಣೆಯನ್ನು ಕುರಿತು ನಮ್ಮವರು ಮೂಗು ಮುರಿದುದುಂಟು. 1939ರಲ್ಲಿ ಹುಬ್ಳೀಕರರು ಅಷ್ಟು ಭಾಷೆಗಳಲ್ಲಿ ಹಾಡಿದಾಗ ಯಾವ ಯಾವ ಸೀಮೆಯವರು ಮೂಗು ಮುರಿದರೋ!

ಪ್ರಭಾತದಲ್ಲಿ ಆಗ ಇನ್ನೊಬ್ಬ ಶಾಂತಾ ಇದ್ದರು. 1937ರ ‘ಕುಂಕೂ’ ಚಿತ್ರದಲ್ಲಿ ಮುದುಕ ಗಂಡನನ್ನು ಒಪ್ಪದೆ ಎದ್ದುನಿಂತ ತರುಣಿಯ ಪಾತ್ರದಿಂದ ಹೆಸರಾದ ಶಾಂತಾ ಆಪಟೆ, 1939ರಲ್ಲಿ ಕಂಪನಿಯೊಡನೆ ಜಗಳವಾಡಿ ಅದರ ಬಾಗಿಲಲ್ಲೇ ಉಪವಾಸ ಕುಳಿತರು. ಇಬ್ಬರು ಶಾಂತಾರಲ್ಲಿ ಒಬ್ಬರು ತೆರೆಯ ಮೇಲೆ ಒಲ್ಲದ ಮದುವೆಯನ್ನು ಧಿಕ್ಕರಿಸಿದವರು, ಇನ್ನೊಬ್ಬರು ಬಾಳಿನಲ್ಲಿಯೇ ಅದರಿಂದ ಓಡಿಬಂದವರು. ಹೆಸರಿನಲ್ಲಿ ಶಾಂತಿ ಇದ್ದ ಮಾತ್ರಕ್ಕೆ ಏನಾಯಿತು!

1942ರಲ್ಲಿ ಕನ್ನಡವು ಕೊನೆಗೂ ತನ್ನ ಮಗಳನ್ನು ಕರೆಯಿತು. ಗುಬ್ಬಿ ವೀರಣ್ಣನವರು ನಿರ್ಮಿಸಿದ, ವಹಾಬ್ ಕಾಶ್ಮೀರಿಯವರು ನಿರ್ದೇಶಿಸಿದ, ಅ.ನ. ಕೃಷ್ಣರಾಯರ ಬರವಣಿಗೆಯ ‘ಜೀವನ ನಾಟಕ’ದಲ್ಲಿ ಕೆಂಪರಾಜ ಅರಸರೊಡನೆ ಶಾಂತಾ ಹುಬ್ಳೀಕರರು ಅಭಿನಯಿಸಿದರು. ಪುರಾಣದ ದೇವತೆಗಳೂ ರಾಕ್ಷಸರೂ ತುಂಬಿಕೊಂಡಿದ್ದ ಅಂದಿನ ಬೆರಳೆಣಿಕೆಯ ಕನ್ನಡ ಚಿತ್ರಗಳ ನಡುವೆ ಸಾಮಾಜಿಕ ಕಥೆಯನ್ನು ಹೇಳಿದ ಈ ಚಿತ್ರಕ್ಕೆ ‘ಆದ್ಮಿ’ಯ ನಾಯಿಕೆಯನ್ನು ಕರೆತಂದುದು ವೀರಣ್ಣನವರ ಧಾರಾಳಕ್ಕೂ ದೂರದೃಷ್ಟಿಗೂ ಸಾಕ್ಷಿಯಾಗಿದೆ. ನಿರ್ದೇಶಕ ಕಾಶ್ಮೀರಿ, ನಾಯಿಕೆ ಮರಾಠೀ ಚಿತ್ರಗಳಿಂದ ಬಂದವಳು, ಕಥೆ ಬೆಂಗಳೂರಿನ ಪ್ರಗತಿಶೀಲ ಲೇಖಕನದು! ಆದರೆ ಆ ಒಂದೇ ಚಿತ್ರದಿಂದ ಆಕೆ ಕನ್ನಡದವರಾಗಲಿಲ್ಲ. ಹಾಗೆ ಆಗುವುದಕ್ಕೆ ಇಲ್ಲಿ ಒಂದು ಉದ್ಯಮವೇ ನೆಲೆನಿಂತಿರಲಿಲ್ಲ. ಅದೇ ಕಾಲಕ್ಕೆ ಅಮೀರಬಾಯಿಯವರು ‘ನರಸಿ ಭಗತ್’ ಚಿತ್ರದ ಭಜನೆಯಿಂದ, ಮುಂದೆ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಮುಂಬಯಿಯಲ್ಲಿ ಕೀರ್ತಿಯ ಶಿಖರಕ್ಕೇರಿದ್ದರು. ಅವರೂ ಕನ್ನಡಕ್ಕೆ ನೆಂಟರಂತೆ ಬಂದು ಹೋದರೇ ಹೊರತು ಮನೆ ಮಾಡಲಿಲ್ಲ.

ಹುಬ್ಳೀಕರರ ಉಳಿದ ಬಾಳನ್ನು ಹೇಳಲು ನನಗೆ ಉತ್ಸಾಹವಿಲ್ಲ, ಆದರೂ ಹೇಳಬೇಕು. ಬಾಪೂಸಾಹೇಬ್ ಗೀತೆಯವರನ್ನು ವಿವಾಹವಾಗಿ ಗೃಹಿಣಿಯಾದರು, ಒಬ್ಬ ಮಗನ ತಾಯಿಯಾದರು. ತೆರೆಯ ಮೇಲೆ ಕಾಣಿಸಿಕೊಳ್ಳುವುದು ವರ್ಷದಿಂದ ವರ್ಷಕ್ಕೆ ವಿರಳವಾಯಿತು. ಯಾವ ಮನೆಯ ಹೊಸ್ತಿಲಲ್ಲಿ ನಿಲ್ಲಲು ಮೈನಾ ಅಂಜಿದಳೋ ಅದೇ ಮನೆ ಆಕೆಯ ಪಾತ್ರವನ್ನು ವಹಿಸಿದ ನಟಿಗೂ ಕೊನೆಯವರೆಗೆ ಒದಗಲಿಲ್ಲ. ವೃದ್ಧಾಪ್ಯದ ಅನೇಕ ವರ್ಷಗಳನ್ನು ಕುಟುಂಬದಿಂದ ದೂರವಾಗಿ ಆಶ್ರಮವೊಂದರಲ್ಲಿ ಕಳೆದರು. ಪ್ರಭಾತದ ಸ್ಟುಡಿಯೋ ಅಷ್ಟರಲ್ಲಿ ಮುಚ್ಚಿ, ಅದರ ಆವರಣದಲ್ಲಿ 1960ರಲ್ಲಿ ಸರಕಾರದ ಚಲಚ್ಚಿತ್ರ ಶಿಕ್ಷಣಾಲಯ ಆರಂಭವಾಗಿತ್ತು. ಅಲ್ಲಿಯ ವಿದ್ಯಾರ್ಥಿಗಳು ‘ಆದ್ಮಿ’ಯನ್ನು ಶಾಸ್ತ್ರಗ್ರಂಥದಂತೆ ಅಭ್ಯಾಸಮಾಡುತ್ತಿದ್ದ ಕಾಲಕ್ಕೆ ಅದರ ನಾಯಿಕೆ ಹೀಗೆ ಅಜ್ಞಾತವಾಸದಲ್ಲಿದ್ದರು. 1990ರಲ್ಲಿ ಆಕೆಯ ಆತ್ಮಕಥೆ ಪ್ರಕಟವಾಯಿತು. ಅದಕ್ಕೆ ಇಟ್ಟ ಹೆಸರು ಆ ಹಳೆಯ ಹಾಡಿನದೇ, ‘ಕಶಾಲಾ ಉದ್ಯಾಚೀ ಬಾತ್’. ಇಪ್ಪತ್ತೈದರ ಹರೆಯದಲ್ಲಿ ಗಿರಾಕಿಗಳನ್ನು ಮರುಳುಮಾಡಲು ಹಾಡಿದ ಮಾತನ್ನು ಎಪ್ಪತ್ತಾರರಲ್ಲಿ ಪುಸ್ತಕದ ಮುಖಕ್ಕೆ ಇಟ್ಟಾಗ ಅದರ ಅರ್ಥ ಅದೇ ಆಗಿ ಉಳಿದಿರಲಾರದು. ಎರಡು ವರ್ಷಗಳ ತರುವಾಯ, 1992ರಲ್ಲಿ, ಆಕೆ ತೀರಿಕೊಂಡರು.

ಪುಸ್ತಕ ಮರಾಠಿಯಲ್ಲಿದೆ. ರಾಜಮ್ಮ ತನ್ನ ಕಥೆಯನ್ನು ತಾಯ್ನುಡಿಯಲ್ಲಿ ಹೇಳಲಿಲ್ಲವಲ್ಲ ಎಂದು ಕೊರಗುವ ಕನ್ನಡಿಗರುಂಟು. ಅರವತ್ತು ವರ್ಷ ಒಂದು ಭಾಷೆಯಲ್ಲಿ ಬದುಕಿದವಳು ಇನ್ನೊಂದರಲ್ಲಿ ನೆನಪು ಮಾಡಿಕೊಳ್ಳಬೇಕೆಂಬುದು, ಅಂಗಡಿಯ ಲೆಕ್ಕವನ್ನು ಮಲೆಯಾಳದಲ್ಲಿ ಬರೆಯುವ ನನ್ನಂಥವನಿಗೆ, ಅತಿಯಾದ ಬೇಡಿಕೆಯಾಗಿ ತೋರುತ್ತದೆ. ಮದುವೆಯಿಂದ ಬಂದ ಗೀತೆಯೆಂಬ ಹೆಸರನ್ನು ಜನ ಬಳಸಲಿಲ್ಲ. ಭಿತ್ತಿಪತ್ರಗಳಲ್ಲಿ, ಗ್ರಾಮಫೋನ್ ತಟ್ಟೆಗಳಲ್ಲಿ, ಕೊಲಂಬೋದ ಉದ್ಘೋಷಕನ ಕಂಠದಲ್ಲಿ ಆಕೆ ಹುಬ್ಳೀಕರ್ ಆಗಿಯೇ ಉಳಿದರು. ಹುಬ್ಬಳ್ಳಿ ಎಂಬುದರೊಳಗಿನ ಎರಡು ಬಕಾರಗಳಲ್ಲಿ ಒಂದು ಮರಾಠಿಯಲ್ಲಿ ಸವೆದುಹೋಯಿತು, ಳಕಾರದ ಒತ್ತು ಸಡಿಲಿತು. ಊರು ಮಾತ್ರ ಗುರುತು ಸಿಕ್ಕುವಷ್ಟು ಉಳಿಯಿತು. ಅದರಗುಂಚಿ ಆ ಹೆಸರಿನಲ್ಲಿ ಎಂದೂ ಇರಲಿಲ್ಲ; ಅಜ್ಜಿ ಕೂಡ ಅದನ್ನು ಕೇಳದೆಯೇ ಹೋದಳು.